ಗಸಗಸೆ, ಅಕ್ರೋಟ

ಬೆಳಗಿನ ಏಳು. ಮಿಶ್ಕೋಲ್ಟ್ಸ್ ಇನ್ನೂ ಕತ್ತಲಲ್ಲಿ.
ಟ್ರಾಮಿಳಿದು ಬಂದು ಲ್ಯಾಬಿನ ಬೀಗ ತೆಗೆದರೆ
ಕುಲುಮೆ ಒಬ್ಬಂಟಿ ಉರಿಯುತ್ತಿದೆ:
ಸಾವಿರದ ನೂರು ಡಿಗ್ರಿ, ರಾತ್ರಿಯಿಡೀ.

ಎಂಟುನೂರು, ಒಂದೇ ಗಂಟೆ ಎಂದಿದೆ ಚೀಟಿ,
ಜೊಂಬೋರನ ಕಾಗೆಕಾಲು ಗುಬ್ಬಿಕಾಲು.
ಹಿಂದಿನವರು ಬಿಟ್ಟುಹೋದ ಅಂಕಿ ತಿದ್ದದೆ
ಗುಂಡಿಯೊತ್ತಿ ಹೊರಟುಬಿಟ್ಟಿದ್ದಾನೆ ಹುಡುಗ.
ಪ್ರೀತಿಯೋ, ಜ್ವರವೋ, ನಾ ಕೇಳಲಿಲ್ಲ.

ಒಳಗಿರುವುದು ಐದು ಲೋಹಗಳ ಪಟ್ಟಿ:
ಕೋಬಾಲ್ಟ್, ಕ್ರೋಮಿಯಂ, ಕಬ್ಬಿಣ, ಮ್ಯಾಂಗನೀಸ್, ನಿಕ್ಕಲ್,
ಐವರದೂ ಸಮಪಾಲು.
ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ.
ಡಿಯೋಶ್‌ಗ್ಯೋರಿನ ಕಾರ್ಖಾನೆಯಲ್ಲಿ ಕಬ್ಬಿಣವೇ ಯಜಮಾನ,
ಉಳಿದವರೆಲ್ಲ ಒಗ್ಗರಣೆ.
ಈಗ ಆ ಹೊಗೆಕೊಳವೆಯೂ ಇಲ್ಲ, ಯಜಮಾನನೂ ಇಲ್ಲ;
ಯಾರ ಪಕ್ಕ ಯಾರು ಕೂರಬೇಕೆಂದು
ಯಾರೂ ಗದರದ ಪಂಕ್ತಿ ಇದು.

ಒಂಬತ್ತಕ್ಕೆ ಬಂದ. ಮುಖ ಬೂದಿ.
"ಹಾಳಾಯಿತು, ಎಟೆಲ್ಕಾ ಅತ್ತೆ."

ಕಬ್ಬಿಣ ಕಾದಾಗಲೇ ಬಡಿ ಅನ್ನುತ್ತಾರಲ್ಲ,
ಕಾದದ್ದನ್ನು ಬಡಿಯದೆ ಸುಮ್ಮನೆ ಬಿಟ್ಟರೆ
ಏನಾಗುತ್ತದೆಂದು ಯಾರೂ ಗಾದೆ ಕಟ್ಟಲಿಲ್ಲ.
ಹರಳು ಹರಳನ್ನು ನುಂಗುತ್ತದೆ.
ಸದ್ದಿಲ್ಲ, ಜಗಳವಿಲ್ಲ.
ದೊಡ್ಡದು ಸಣ್ಣದರ ಬೇಲಿ ಸರಿಸಿ, ಸರಿಸಿ,
ಬೆಳಕು ಹರಿಯುವಷ್ಟರಲ್ಲಿ
ಸಾವಿರ ಮನೆಯ ಊರು ನಾಲ್ಕೇ ಮನೆಯದು.

ನಾನು ಉಜ್ಜುವವಳು. ಮೂವತ್ತೊಂದು ವರ್ಷದಿಂದ ಅದೇ.
ಒರಟು ಕಾಗದ, ನಯ ಕಾಗದ, ವಜ್ರದ ಪೇಸ್ಟು,
ಕನ್ನಡಿಯಾದ ಮೇಲೆ ಒಂದು ಹನಿ ಆಮ್ಲ.
ಆಗ ಏಳುತ್ತವೆ ಗಡಿಗೆರೆಗಳು,
ಇಷ್ಟು ಹೊತ್ತು ಏನೂ ಕಂಡಿಲ್ಲವೆಂದ ಸಾಕ್ಷಿ
ಒಮ್ಮೆಗೇ ಬಾಯಿಬಿಟ್ಟ ಹಾಗೆ.
ಹೋದ ವಾರದ ತುಣುಕು ಚೆಲ್ಲಿದ ಗಸಗಸೆ.
ಇದು ಒಡೆದ ಅಕ್ರೋಟ.

ಮಧ್ಯಾಹ್ನ ಎರಡನ್ನೂ ಎಳೆದೆವು.
ಗಸಗಸೆ ಮೊದಮೊದಲು ಜಗ್ಗಲೇ ಇಲ್ಲ.
ಒಳಗೆ ಜಾರುವ ಎಳೆಯೊಂದು ಹೊರಟರೆ
ನಾಲ್ಕು ಹೆಜ್ಜೆಗೊಂದು ಗಡಿ, ಗಡಿಯಾಚೆ ಬೇರೆ ದಿಕ್ಕು;
ನಿಂತದ್ದರ ಬೆನ್ನಿಗೆ ಮತ್ತೊಂದು, ಅದರ ಬೆನ್ನಿಗೆ ಮಗದೊಂದು,
ರೈಲ್ವೆ ಗೇಟು ಹಾಕಿದಾಗಿನ ಸೈಕಲ್ಲುಗಳು.
ಜೊಂಬೋರ್ ಬೋರ್ಡಿನ ಮೇಲೆ ವರ್ಗಮೂಲ ಬರೆದ:
ಹರಳು ಕಾಲುಭಾಗಕ್ಕಿಳಿದರೆ
ಗಡಿ ಕೊಡುವ ಬಲ ಇಮ್ಮಡಿ.
ಮುನ್ನೂರ ಅರವತ್ತರ ತನಕ ಹಲ್ಲುಕಚ್ಚಿ ನಿಂತಿತು.

ಅಕ್ರೋಟ ನೂರಾ ಎಂಬತ್ತಕ್ಕೇ ಮಣಿಯಿತು.
ಹುಡುಗ ಕಣ್ಣು ಮುಚ್ಚಿಕೊಂಡ.
ಮಣಿದದ್ದು ಮುರಿಯಲಿಲ್ಲ.
ಉದ್ದವಾಯಿತು. ಇನ್ನೂ ಉದ್ದವಾಯಿತು.
ಮೈಯೆಲ್ಲ ಕಿತ್ತಳೆ ಸಿಪ್ಪೆಯಂತೆ ತರಿತರಿಯೆದ್ದು,
ನಾನು ಚಹಾ ಮಾಡಿ ತಂದರೂ
ಉದ್ದವಾಗುತ್ತಲೇ ಇತ್ತು.

ಆಮೇಲೆ ದ್ರವ ಸಾರಜನಕದಲ್ಲಿ ಅದ್ದಿ ಮತ್ತೊಂದು ಜೋಡಿ.
ನನಗೆ ಗೊತ್ತಿರುವ ಉಕ್ಕು ಅಷ್ಟು ಚಳಿಗೆ ಗಾಜು.
ಅಪ್ಪ ಹೇಳುತ್ತಿದ್ದ: ಒಂದು ಜನವರಿ ಕ್ರೇನಿನ ಕೊಕ್ಕೆ
ಫಟ್ಟೆಂದು ತುಂಡಾಗಿ ಬೆರ್ಟಲನ್ ಕಾಲು ಹೋಯಿತು,
ಅವನ ಬಲಗಾಲಿನ ಬೂಟು ಕಪಾಟಿನಲ್ಲಿ
ಹೊಸದಾಗಿಯೇ ಉಳಿಯಿತು.
ಇವು ಚಳಿಗೆ ಗಟ್ಟಿಯಾದವು, ಗಟ್ಟಿಯಾಗುತ್ತಲೇ ಹಿಗ್ಗಿದವು.
ಹರಳೊಳಗೆ ಅವಳಿ ಗೆರೆಗಳು ಹುಟ್ಟಿ
ಹೊಸ ಗಡಿ ತಾವೇ ಹಾಕಿಕೊಳ್ಳುತ್ತವಂತೆ.
ಆ ಶಾಸ್ತ್ರವೆಲ್ಲ ಅವನದು.
ನಾನು ಆ ಬೂಟನ್ನೇ ನೆನೆಯುತ್ತಿದ್ದೆ.

"ಯಾವುದು ಒಳ್ಳೆಯದು?" ಅಂದೆ.
"ಯಾವುದಕ್ಕೆ?" ಅಂದ.
ಪರವಾಗಿಲ್ಲ, ಕಲಿಯುತ್ತಾನೆ.

ಚೀಲದಿಂದ ಬೇಗ್ಲಿ ತೆಗೆದೆ.
ಕ್ರಿಸ್ಮಸ್ಸಿಗೆ ನಮ್ಮಲ್ಲಿ ಜೋಡಿಯಾಗಿಯೇ ಸುತ್ತುವುದು,
ಒಂದರೊಳಗೆ ಗಸಗಸೆ, ಒಂದರೊಳಗೆ ಅಕ್ರೋಟ.
ಯಾವುದು ಬೇಕೆಂದು ಯಾರೂ ಯಾರನ್ನೂ ಕೇಳುವುದಿಲ್ಲ,
ಎರಡೂ ತಟ್ಟೆಗೆ ಬೀಳುತ್ತವೆ.
ಹಲ್ಲಿನ ಸಂದಿಯ ಕಪ್ಪು ಕಾಳು ತೋರಿಸಿ
ಹುಡುಗ ಆ ದಿನ ಮೊದಲ ಸಲ ನಕ್ಕ.

ತುಣುಕಿನ ಡಬ್ಬಿಗೆ ಅವನಂಟಿಸಿದ ಚೀಟಿಯಲ್ಲಿ
"ಹಾಳು" ಎಂದಿತ್ತು.
ಅದನ್ನು ಹೊಡೆದುಹಾಕಿ, ಗುಂಡಗಿನ ಅಕ್ಷರದಲ್ಲಿ ಬರೆದೆ:
ಸಾವಿರದ ನೂರು ಡಿಗ್ರಿ. ಹದಿನಾಲ್ಕು ಗಂಟೆ.
ಕಾರಣ: ಮರೆವು.